ತಿಮ್ಮಮ್ಮನ ಧೂಳು ಮಿಷನ್ನು

ಮಂಜಯ್ಯನವರು ಮನೆ ಕ್ಲೀನ್ ಮಾಡುತ್ತಿದ್ದಾರೆ ಎಂದು ಬೇರೆ ಯಾರಾದರೂ ಬಂದು ಹೇಳಿದ್ದರೆ, ತಿಮ್ಮಮ್ಮ ಹೇಳಿದವರ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡುತ್ತಿದ್ದಳು. ಆದರೆ ಇದು ಅವಳೇ ಕಣ್ಣಾರೆ ಕಂಡದ್ದು. ಜನವರಿ ಕೊನೆಯ ಭಾನುವಾರ, ಕೋಳಿಗೂಡಿನಿಂದ ನಾಲ್ಕು ಮೊಟ್ಟೆ ತೆಗೆದು ಸೆರಗಿನಲ್ಲಿಟ್ಟುಕೊಂಡು ಹಿಂಬಾಗಿಲಿನಿಂದ ಒಳಗೆ ಬಂದಳು. ಹಾಲಿನ ನಡುವೆ ಗಂಡ ಪಂಚೆ ಎತ್ತಿ ಕಟ್ಟಿ ನಿಂತಿದ್ದರು. ಕೈಯಲ್ಲಿ ಸೊಸೆ ರಕ್ಷಾ ಹಿಂದಿನ ದಿನವಷ್ಟೇ ತಂದಿದ್ದ ಬ್ಯಾಟರಿ ಮಿಷನ್ನು. ಅದಕ್ಕೆ ವೈರಿಲ್ಲ, ಪೆಟ್ಟಿಗೆಯಿಲ್ಲ. ಒಂದು ಕೋಲು, ಕೋಲಿನ ತುದಿಗೊಂದು ಬ್ರಷ್ಷು, ಅಷ್ಟೇ. ಅದನ್ನು ಸೋಫಾದ ಕೆಳಗೆ ತೂರಿಸಿ, ಬಗ್ಗಿ ನೋಡಿ, ಮತ್ತೆ ತೂರಿಸಿ, ಅರವತ್ತೇಳು ವರ್ಷದ ಮನುಷ್ಯ ನಗುತ್ತಿದ್ದರು.

"ನೋಡೇ, ಮುಂದೆ ಲೈಟು ಬೇರೆ ಇದೆ! ಧೂಳೆಲ್ಲ ಎದ್ದು ಕಾಣುತ್ತೆ ಮಾರಾಯ್ತಿ."

"ಮಾವ ಎಷ್ಟು ನೀಟಾಗಿ ಮಾಡ್ತಾರೆ ನೋಡಿ ಅತ್ತೆ," ಎಂದಳು ರಕ್ಷಾ. "ನಾನು ಸುಮ್ನೆ ಹಿಡಿದು ನೋಡಿ ಅಂತ ಕೊಟ್ಟೆ. ಈಗ ವಾಪಸ್ ಕೊಡ್ತಾನೇ ಇಲ್ಲ."

"ಹೂಂ," ಎಂದು ತಿಮ್ಮಮ್ಮ ಅಡುಗೆಮನೆಗೆ ಹೋದಳು. ಸೆರಗು ಬಿಚ್ಚಿ ನೋಡಿದರೆ ಒಂದು ಮೊಟ್ಟೆ ಒಡೆದಿತ್ತು.

ಮೂಡಿಗೆರೆಯಿಂದ ದೇವರಮನೆ ಬೆಟ್ಟದ ಕಡೆಗೆ ಹೋಗುವ ರಸ್ತೆಯಲ್ಲಿರುವ ಈ ಮನೆಗೆ ಧೂಳು ಎಳೆಯುವ ಮಿಷನ್ನು ಹೊಸತೇನೂ ಅಲ್ಲ. ಆ ರಸ್ತೆಯ ಮನೆಗಳಿಗೆಲ್ಲ ಮೊದಲು ಅದು ಬಂದದ್ದೇ ಇಲ್ಲಿಗೆ. ಇಪ್ಪತ್ತೆರಡು ವರ್ಷದ ಹಿಂದೆ ಟೈ ಕಟ್ಟಿದ ಒಬ್ಬ ಹುಡುಗ ದೊಡ್ಡ ಪೆಟ್ಟಿಗೆ ಹೊತ್ತು ಬಂದಿದ್ದ. ಹಾಸಿಗೆಯ ಮೇಲಿನ ಹೊದಿಕೆ ಸರಿಸಿ, ಪೈಪಿನ ಬಾಯಿಗೊಂದು ಬಿಳಿ ಬಟ್ಟೆ ಕಟ್ಟಿ, ಮಿಷನ್ನು ಓಡಿಸಿ, ಕಪ್ಪಾದ ಬಟ್ಟೆಯನ್ನು ಮಂಜಯ್ಯನವರ ಮುಖದ ಮುಂದೆ ಹಿಡಿದು, "ಸಾರ್, ನೀವು ದಿನಾ ಇದರ ಮೇಲೆ ಮಲಗ್ತಾ ಇದೀರಿ" ಎಂದಿದ್ದ. ಮಂಜಯ್ಯನವರಿಗೆ ಮರ್ಯಾದೆ ಹೋದಂತಾಯಿತು. ಆ ವರ್ಷ ಕಾಳುಮೆಣಸಿಗೆ ಒಳ್ಳೆಯ ರೇಟಿತ್ತು. ಮಿಷನ್ನು ಮನೆಗೆ ಬಂತು. ಅಕ್ಕಪಕ್ಕದ ಹೆಂಗಸರು ಅದನ್ನು ನೋಡಲೆಂದೇ ಮಧ್ಯಾಹ್ನ ಕೆಲಸ ಮುಗಿಸಿ ಬಂದರು. ತಿಮ್ಮಮ್ಮ ಅವರಿಗೆಲ್ಲ ಕಾಫಿ ಕೊಟ್ಟು, ತಾನೇ ಆ ಟೈ ಹುಡುಗನಾಗಿ ಎಲ್ಲರ ಮುಂದೆ ಹಾಸಿಗೆಯ ಧೂಳು ಎಳೆದು ತೋರಿಸಿದಳು. ಅವಳ ಬಾಳಿನಲ್ಲಿ ಅಷ್ಟು ಜನ ಅವಳನ್ನೇ ನೋಡುತ್ತ ಕೂತದ್ದು ಮದುವೆ ಬಿಟ್ಟರೆ ಅಂದೇ.

ಅದರ ಗುಣ ಹೇಳಬೇಕೆಂದರೆ, ಎಳೆತ. ಕಾಫಿ ಕೊಯ್ಲಿನ ದಿನಗಳಲ್ಲಿ ಕಣದಿಂದ ಕಾಲಿಗಂಟಿ ಬರುವ ಕೆಂಪು ಧೂಳು, ಬೆಕ್ಕಿನ ಕೂದಲು, ಅಟ್ಟದ ಜೇಡರ ಬಲೆ, ಕಿಟಕಿಯ ಸಂದಿಯ ಸತ್ತ ಹುಳ ಯಾವುದನ್ನೂ ಅದು ಬೇಡವೆಂದದ್ದಿಲ್ಲ. ತಿಮ್ಮಮ್ಮನ ಒಂದು ಓಲೆಯ ತಿರುಪನ್ನೂ, ಮಗ ತನ್ಮಯ್‌ನ ಲೆಕ್ಕವಿಲ್ಲದಷ್ಟು ಗೋಲಿಗಳನ್ನೂ ನುಂಗಿತ್ತು. ಮೋಟಾರು ಒಂದೇ ಒಂದು ಸಲ ಕೈಕೊಟ್ಟಿರಲಿಲ್ಲ. ದೋಷವೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಕಲ್ಲಿನಂಥ ಭಾರ. ಒಂದು ಚಕ್ರ ಕಿತ್ತುಹೋಗಿ ಹತ್ತು ವರ್ಷವಾಗಿದ್ದರಿಂದ ಎಳೆದರೆ ಬರುವುದಿಲ್ಲ, ಎತ್ತಿಕೊಂಡೇ ಓಡಾಡಬೇಕು. ಪೈಪು ಸೀಳಿದ ಕಡೆಯೆಲ್ಲ ಕಪ್ಪು ಟೇಪು. ಅರ್ಧ ಗಂಟೆಗೆ ಮೈ ಬಿಸಿಯಾಗಿ ತಾನಾಗಿಯೇ ನಿಂತುಬಿಡುತ್ತದೆ. ಆಮೇಲೆ ಯಾರು ಎಷ್ಟು ಬೈದರೂ ಏಳುವುದಿಲ್ಲ, ತಣ್ಣಗಾದ ಮೇಲೆಯೇ ಏಳುವುದು. ಶಬ್ದಕ್ಕೆ ನಾಯಿ ತೋಟಕ್ಕೆ ಓಡುತ್ತದೆ.

ಇಪ್ಪತ್ತೆರಡು ವರ್ಷವೂ ಅದನ್ನು ಎತ್ತಿದವಳು ತಿಮ್ಮಮ್ಮನೇ. ಮಂಜಯ್ಯನವರ ಪಾಲಿಗಿದ್ದ ಕೆಲಸ ಒಂದೇ. ಬೆತ್ತದ ಕುರ್ಚಿಯಲ್ಲಿ ಪೇಪರ್ ಓದುತ್ತ ಕೂತಿರುವಾಗ ಪೈಪು ಹತ್ತಿರ ಬಂದರೆ ಎರಡೂ ಕಾಲನ್ನು ಮೇಲಕ್ಕೆತ್ತುವುದು, ಪೈಪು ದಾಟಿದ ಮೇಲೆ ಇಳಿಸುವುದು. ಅದನ್ನು ಮಾತ್ರ ಒಂದು ವಾರವೂ ತಪ್ಪಿಸಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಕಡುಬು, ಕೋಳಿ ಸಾರು. ತನ್ಮಯ್ ಕಾಫಿ ಬೀಜ ಸಂಸ್ಕರಿಸುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವವನು. ಭಾನುವಾರವೊಂದೇ ಮನೆಯಲ್ಲಿ ನೆಮ್ಮದಿಯಾಗಿ ಊಟ. ಮೂರನೇ ಕಡುಬು ಮುರಿಯುತ್ತ ಅವನು ಹೇಳಿದ: "ಇನ್ನು ಆ ಹಳೇದನ್ನ ಹೊರಗೆ ತೆಗೆಯೋದೇ ಬೇಡ ಅಮ್ಮ."

"ಯಾಕೆ? ಅದು ನಿನ್ನ ಪಾಲಿನ ಊಟ ಮಾಡ್ತಾ ಇದೆಯಾ?"

"ಅದನ್ನ ಸ್ಟಾರ್ಟ್ ಮಾಡಿದ್ರೆ ಆ ಶಬ್ದಕ್ಕೆ ನಮ್ಮ ಕ್ಯೂರಿಂಗ್ ವರ್ಕ್ಸೇ ಮನೆಗೆ ಬಂದ ಹಾಗಾಗುತ್ತೆ."

"ಎಳೆಯೋದು ಮಾತ್ರ ಚೆನ್ನಾಗಿ ಎಳೆಯುತ್ತೆ," ಎಂದಳು ರಕ್ಷಾ ಮೆಲ್ಲಗೆ. ಅವಳು ಮೂಡಿಗೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಯಾವುದನ್ನೂ ಎರಡೂ ಕಡೆಯಿಂದ ನೋಡಿಯೇ ಹೇಳುವ ಅಭ್ಯಾಸ. "ಆದ್ರೆ ಅತ್ತೆ, ಅದರದ್ದು ಬಟ್ಟೆ ಚೀಲ. ಸಣ್ಣ ಧೂಳೆಲ್ಲ ಹಿಂದಿನಿಂದ ವಾಪಸ್ ಬಿಡುತ್ತೆ. ನನಗೆ ಸೀನು ಬರೋದು ಅದಕ್ಕೇ. ಡಾಕ್ಟ್ರೂ ಹೇಳಿದ್ರು."

"ನೀನು ಬರೋ ತನಕ ಈ ಮನೇಲಿ ಯಾರೂ ಸೀನಿರಲಿಲ್ಲಮ್ಮ."

"ನಾನು ಸೀನ್ತಿದ್ದೆ," ಎಂದರು ಮಂಜಯ್ಯ. "ಆ ಶಬ್ದದಲ್ಲಿ ನಿನಗೆ ಎಲ್ಲಿ ಕೇಳ್ಬೇಕು?"

ಮೂವರೂ ನಕ್ಕರು. ತಿಮ್ಮಮ್ಮ ನಗಲಿಲ್ಲ. ಯಾವಾಗಲೂ ಗಂಡನ ತಟ್ಟೆಗೆ ಬೀಳುತ್ತಿದ್ದ ಲಿವರ್ ಅಂದು ಮಗನ ತಟ್ಟೆಗೆ ಬಿತ್ತು. ಮಂಜಯ್ಯನವರಿಗೆ ಕುತ್ತಿಗೆ ತುಂಡು ಸಿಕ್ಕಿತು. ಅವರು ಅದನ್ನು ಗಮನಿಸದೆ ಚೀಪಿ ತಿಂದರು. ಅದು ಅವಳಿಗೆ ಇನ್ನೂ ಕೋಪ ತರಿಸಿತು.

ಊಟವಾದ ಮೇಲೆ ರಕ್ಷಾ ಮಿಷನ್ನನ್ನು ಗೋಡೆಗೆ ತಗುಲಿ ಹಾಕುತ್ತ ಎಲ್ಲರಿಗೂ ಕೇಳುವಂತೆ ಹೇಳಿದಳು: "ಎರಡೇ ವಿಷಯ. ನೀರು ಎಳೆಸಬಾರದು, ಬೂದಿ ಎಳೆಸಬಾರದು. ಬೂದಿ ಸಣ್ಣಗಿರುತ್ತಲ್ಲ, ಮೋಟಾರಿಗೆ ಹೋಗಿ ಸುಟ್ಟುಬಿಡುತ್ತೆ. ಗ್ಯಾರಂಟಿನೂ ಸಿಗಲ್ಲ."

"ನನ್ನ ಮಿಷನ್ನು ಬಚ್ಚಲೊಲೆ ಬೂದಿನೂ ತಿನ್ನುತ್ತೆ," ಎಂದಳು ತಿಮ್ಮಮ್ಮ. ತಿಂದದ್ದರಲ್ಲಿ ಅರ್ಧವನ್ನು ಹಿಂದಿನಿಂದ ಉಗುಳುತ್ತಿತ್ತು ಎಂಬುದನ್ನು ಹೇಳಲಿಲ್ಲ.

ಫೆಬ್ರವರಿ ತಿಂಗಳಿಡೀ ಆ ಮನೆಯಷ್ಟು ಶುದ್ಧವಾಗಿ ಮೂಡಿಗೆರೆ ತಾಲ್ಲೂಕಿನಲ್ಲಿ ಇನ್ನೊಂದು ಮನೆ ಇದ್ದಿರಲಾರದು. ಬೆಳಿಗ್ಗೆ ತಿಂಡಿಯಾದ ಕೂಡಲೇ ಮಂಜಯ್ಯ ಬ್ಯಾಟರಿ ಮಿಷನ್ನು ಹಿಡಿದು ಹಾಲು, ರೂಮು, ಜಗಲಿ ಎಲ್ಲ ಮುಗಿಸುತ್ತಿದ್ದರು. ಅವರು ತೋಟಕ್ಕೆ ಹೋದ ಮೇಲೆ ತಿಮ್ಮಮ್ಮ ತನ್ನ ಹಳೆಯದನ್ನು ಹೊತ್ತು ತಂದು ಅದೇ ಹಾಲು, ಅದೇ ರೂಮು, ಅದೇ ಜಗಲಿಯ ಧೂಳನ್ನು ಮತ್ತೆ ಎಳೆಯುತ್ತಿದ್ದಳು. ಒಂದು ದಿನ ಸಿಕ್ಕಿದ್ದನ್ನೆಲ್ಲ ಪೇಪರಿನ ಮೇಲೆ ಸುರಿದು ಗಂಡ ಬರುವುದನ್ನೇ ಕಾದಳು.

"ಬನ್ನಿ, ನೋಡಿ. ನೀವು ಕ್ಲೀನ್ ಮಾಡಿದ ಹಾಸಿಗೇಲಿ ಇಷ್ಟು ಸಿಕ್ತು. ಒಂದು ಬೊಗಸೆ!"

ಮಂಜಯ್ಯ ಬಗ್ಗಿ ನೋಡಿದರು. "ಹೌದಲ್ಲ. ಹಾಸಿಗೆಗೆ ಬೇರೆ ಬ್ರಷ್ ಇದೆಯಂತೆ, ರಕ್ಷಾ ಹೇಳಿದ್ಲು. ನಾನು ಅದನ್ನ ಹಾಕಿರಲಿಲ್ಲ." ಮರುದಿನ ಆ ಬ್ರಷ್ಷು ಹಾಕಿ ಹಾಸಿಗೆಯ ಧೂಳನ್ನೂ ಎಳೆದರು. ಮಿಷನ್ನಿನ ಧೂಳಿನ ಡಬ್ಬಿಯನ್ನು ಹಿತ್ತಲಿಗೆ ಒಯ್ದು ಕೊಡವಿ, ತಮ್ಮ ಸ್ವಂತ ಟವೆಲಿನಿಂದ ಒರೆಸಿ, ಚಾರ್ಜಿಗೆ ಹಾಕಿದರು. ಉಪ್ಪಿನ ಡಬ್ಬಿ ಯಾವ ಶೆಲ್ಫಿನಲ್ಲಿದೆ ಎಂದು ಇಂದಿಗೂ ಗೊತ್ತಿಲ್ಲದ ಮನುಷ್ಯ! ಬಂದವರ ಮುಂದೆಲ್ಲ ಅದೇ ಮಾತು. "ನಮ್ಮ ಸೊಸೆ ತಂದದ್ದು. ಮನೆ ಕೆಲಸ ಅಂದ್ರೆ ಎಂತ ಮಹಾ, ಹತ್ತು ನಿಮಿಷ." ಹತ್ತು ನಿಮಿಷ ಎಂಬ ಆ ಮಾತು ತಿಮ್ಮಮ್ಮನ ಎದೆಗೆ ಮುಳ್ಳಿನಂತೆ ಚುಚ್ಚಿತು.

ಹೊಟ್ಟೆಕಿಚ್ಚು, ಬೇರೆ ಹೆಸರು ಬೇಡ. ಸೊಸೆಯ ಮೇಲಲ್ಲ, ರಕ್ಷಾ ಒಳ್ಳೆಯ ಹುಡುಗಿ, ಸಂಜೆ ಶಾಲೆಯಿಂದ ಬಂದು ರೊಟ್ಟಿ ತಟ್ಟಿ ಕೊಡುತ್ತಾಳೆ, ಎದುರು ಮಾತಿಲ್ಲ. ಹೊಟ್ಟೆ ಉರಿದದ್ದು ಆ ಕೋಲಿನ ಮೇಲೆ. ತಾನು ಬೆನ್ನು ನೋವಿನಲ್ಲಿ, ಸೊಂಟ ಹಿಡಿದ ದಿನಗಳಲ್ಲಿ, ತನ್ಮಯ್ ಹೊಟ್ಟೆಯಲ್ಲಿದ್ದಾಗ ಪೊರಕೆಯಿಂದ, ಆಮೇಲೆ ಮಿಷನ್ನಿನಿಂದ, ಇದೇ ನೆಲದ ಮೇಲೆ ಬಗ್ಗಿದ್ದಳು. "ಸ್ವಲ್ಪ ಹಿಡೀರಿ" ಎಂದು ಒಂದೆರಡು ಸಲ ಕೇಳಿಯೂ ಇದ್ದಳು. "ನನಗೆ ಆ ಶಬ್ದಕ್ಕೆ ತಲೆನೋವು ಬರುತ್ತೆ" ಎಂದಿದ್ದರು. ಸೊಸೆ ಕೇಳಿದ ಕೂಡಲೇ ಎದ್ದರು.

ಮಾರ್ಚಿನಲ್ಲಿ ಮಾತ್ರ ತಿಮ್ಮಮ್ಮನ ದಿನ ಬಂತು. ಕೊಯ್ದು ಬಿಡಿಸಿ ಒಣಗಿಸಿದ ಮೆಣಸಿನಲ್ಲಿ ಕಡ್ಡಿ, ಹೊಟ್ಟು, ಜೊಳ್ಳು ಕಾಳು ಉಳಿದಿರುತ್ತವೆ. ಎಲ್ಲರೂ ಮೊರದಲ್ಲಿ ಕೇರುತ್ತಾರೆ, ಇಲ್ಲ ಗಾಳಿಗೆ ತೂರುತ್ತಾರೆ. ತಿಮ್ಮಮ್ಮ ಎಷ್ಟೋ ವರ್ಷದ ಹಿಂದೆಯೇ ಒಂದು ಉಪಾಯ ಕಂಡುಕೊಂಡಿದ್ದಳು. ಪೈಪನ್ನು ಮಿಷನ್ನಿನ ಹಿಂದಿನ ತೂತಿಗೆ ಸಿಕ್ಕಿಸಿದರೆ ಅದು ಎಳೆಯುವ ಬದಲು ಊದುತ್ತದೆ. ಕಣದ ಅಂಚಿನಲ್ಲಿ ಅದನ್ನಿಟ್ಟು, ಮೇಲಿನಿಂದ ಮೆಣಸು ಸುರಿದರೆ ಜೊಳ್ಳೆಲ್ಲ ಆಚೆ ಹಾರಿ, ಗಟ್ಟಿ ಕಾಳು ಟಾರ್ಪಾಲಿನ ಮೇಲೆ ಬೀಳುತ್ತದೆ.

"ಈ ಕೆಲಸ ನಿಮ್ಮ ಬ್ಯಾಟರಿ ಮಿಷನ್ನು ಮಾಡ್ಲಿ ನೋಡೋಣ!" ಎಂದು ಶಬ್ದದ ಮೇಲೆ ಕೂಗಿದಳು. ರಕ್ಷಾ ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಬುಟ್ಟಿಯಿಂದ ಮೆಣಸು ಸುರಿಯುತ್ತಿದ್ದಳು. "ಇಲ್ಲ ಅತ್ತೆ, ಇದಕ್ಕೆ ನಿಮ್ಮದೇ ಸರಿ," ಎಂದು ಅವಳೂ ಕೂಗಿದಳು. ತಿಮ್ಮಮ್ಮನಿಗೆ ಬೇಕಾಗಿದ್ದ ಮಾತು ಅದೇ. ಅಂದು ಸೊಸೆಗೆ ಇಷ್ಟವೆಂದು ಒತ್ತು ಶ್ಯಾವಿಗೆ ಮಾಡಿ ಕಾಯಿ ಹಾಲು ತೆಗೆಯಬೇಕೆಂದು ಮನಸ್ಸಿನಲ್ಲೇ ಅಂದುಕೊಂಡಳು.

ಅಷ್ಟರಲ್ಲಿ ಪಕ್ಕದ ತೋಟದ ಕೆಂಚಯ್ಯ ಬೇಲಿ ದಾಟಿ ಬಂದ. ಸ್ವಲ್ಪ ಹೊತ್ತು ಬಾಯಿ ತೆರೆದು ನೋಡಿದ. "ಎಂಥ ಮಿಷನ್ನು ಮಾರಾಯ್ರೆ ಇದು! ನಂಗೆ ಇನ್ನೂ ಎಂಟು ಚೀಲ ಕೇರೋದು ಬಾಕಿ ಇದೆ."

"ನಿನಗೆ ಬೇಕಾದ್ರೆ ತಗೊಂಡೇ ಹೋಗು," ಎಂದರು ಮಂಜಯ್ಯ. "ಮನೆಗೆ ಹೊಸದು ಬಂದಿದೆ. ಇದು ಸುಮ್ನೆ ಜಾಗಕ್ಕೆ ದಂಡ. ಬರೋ ಭಾನುವಾರ ಬಾ, ಅಷ್ಟರಲ್ಲಿ ನಮ್ಮ ಮೆಣಸು ಮುಗಿದಿರುತ್ತೆ."

ತಿಮ್ಮಮ್ಮ ಸ್ವಿಚ್ಚು ಆರಿಸಿದಳು. ಕಣವೆಲ್ಲ ಒಮ್ಮೆಗೇ ನಿಶ್ಶಬ್ದವಾಯಿತು.

"ಯಾರ ಹತ್ರ ಕೇಳಿ ಕೊಟ್ರಿ?"

"ಅದನ್ನೇನು ಕೇಳೋದು? ನಿನಗೂ ಬೆನ್ನು ನೋವು ತಪ್ಪುತ್ತಲ್ಲ."

ಬೆನ್ನು ನೋವು! ಅಂದರೆ ಗೊತ್ತಿತ್ತು. ಇಷ್ಟು ವರ್ಷವೂ ಗೊತ್ತಿದ್ದೇ ಕಾಲು ಎತ್ತಿ ಕೂತಿದ್ದರು. ಆ ದಿನ ಶ್ಯಾವಿಗೆ ಆಗಲಿಲ್ಲ. ಬೆಳಗಿನ ರೊಟ್ಟಿಗೆ ನಿನ್ನೆಯ ಎಳೆ ಹಲಸಿನ ಗುಜ್ಜೆ ಪಲ್ಯ ಬಿಸಿ ಮಾಡಿ ಬಡಿಸಿ, ತಾನು ತಲೆನೋವೆಂದು ಮಲಗಿದಳು.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಮನೆಯಲ್ಲಿ ತಿಮ್ಮಮ್ಮನೊಬ್ಬಳೇ. ಮಗ, ಸೊಸೆ ಕೆಲಸಕ್ಕೆ ಹೋಗಿದ್ದರು. ಹಿಂದಿನ ಸಂಜೆ ಒಂದು ಹದ ಹೂಮಳೆ ಬಿದ್ದಿದ್ದರಿಂದ ಮಂಜಯ್ಯ ಕಾಫಿ ಗಿಡದ ಮೊಗ್ಗು ನೋಡಲು ತೋಟಕ್ಕೆ ಇಳಿದಿದ್ದರು. ಅವಳು ಬಚ್ಚಲೊಲೆಯ ಬೂದಿ ತೆಗೆಯಲು ಕೂತಳು. ರಾತ್ರಿಯೇ ಬೆಂಕಿ ಆರಿದ್ದ ಒಲೆ. ಬೂದಿ ತಣ್ಣಗೆ, ಹಿಟ್ಟಿನಷ್ಟು ನಯವಾಗಿತ್ತು. ಮೊರ ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತ ಕೂತವಳು ಎದ್ದು ಹಾಲಿಗೆ ಹೋಗಿ, ಗೋಡೆಯಿಂದ ಬ್ಯಾಟರಿ ಮಿಷನ್ನು ತೆಗೆದುಕೊಂಡು ಬಂದಳು.

ಕೆಡಿಸಬೇಕೆಂದೇ ತಂದಳೇ? ಕೇಳಿದ್ದರೆ ಆಗ ಅವಳು ಇಲ್ಲ ಎನ್ನುತ್ತಿದ್ದಳು. ನನ್ನದು ತಿಂದದ್ದನ್ನು ಇದೂ ತಿನ್ನುತ್ತದೆಯೇ, ಅಷ್ಟನ್ನು ನೋಡೋಣ ಎಂದುಕೊಂಡಳು. ಮೊದಲ ಸಲ ಅದನ್ನು ಕೈಯಲ್ಲಿ ಹಿಡಿದದ್ದು. ಎಷ್ಟು ಹಗುರ! ಒಂದೇ ಕೈ ಸಾಕು. ಅದು ಇಷ್ಟು ಹಗುರವಿರುವುದು ಕಂಡು ಅವಳ ಕೋಪ ಇನ್ನಷ್ಟು ಏರಿತು. ಗುಂಡಿ ಒತ್ತಿ ಒಲೆಯ ಬಾಯಿಗೆ ಇಟ್ಟಳು. ಬೂದಿ ಸರಸರನೆ ಒಳಗೆ ಹೋಯಿತು. ಡಬ್ಬಿ ತುಂಬಿತು; ಹಿತ್ತಲಲ್ಲಿ ಚೆಲ್ಲಿ ಬಂದು ಮತ್ತೆ ಇಟ್ಟಳು. ಎರಡನೆಯ ಡಬ್ಬಿ ಅರ್ಧವಾಗುವಾಗ ಸದ್ದು ಸಣ್ಣದಾಯಿತು, ಆಮೇಲೆ ಕೀರಲಾಯಿತು. ಕೆಂಪು ದೀಪ ಮೂರು ಸಲ ಮಿನುಗಿ ಆರಿತು. ಸುಟ್ಟ ವಾಸನೆ ಬಂತು.

ತಿಮ್ಮಮ್ಮ ಎದ್ದಳು. ಡಬ್ಬಿ ತೊಳೆದು, ಒಣಗಿಸಿ, ಕೋಲನ್ನು ಒರೆಸಿ, ಇದ್ದ ಜಾಗದಲ್ಲೇ ತಗುಲಿ ಹಾಕಿದಳು.

ಶುಕ್ರವಾರ ಬೆಳಿಗ್ಗೆ ಮಂಜಯ್ಯ ಗುಂಡಿ ಒತ್ತಿದರು, ಮತ್ತೆ ಮತ್ತೆ ಒತ್ತಿದರು. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹತ್ತಿರ ರಿಪೇರಿ ಅಂಗಡಿ ಇಟ್ಟಿರುವ ರಾಜೇಶನಲ್ಲಿಗೆ ಅವರೇ ಹೊತ್ತುಕೊಂಡು ಹೋದರು. ಸಂಜೆ ಬರಿಗೈಯಲ್ಲಿ ಬಂದು, ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಬಾಗಿಲಲ್ಲೇ ನಿಂತು ಹೇಳಿದರು.

"ಮೋಟಾರು ಸುಟ್ಟಿದೆಯಂತೆ. ಒಳಗೆ ಬೂದಿ ಇದೆ ಅಂದ ರಾಜೇಶ." ಚಪ್ಪಲಿ ಕಳಚಿದರು. "ತಪ್ಪು ನಂದೇ ರಕ್ಷಾ. ಹೋದ ಭಾನುವಾರ ದೇವರ ಗೂಡಿನ ಹತ್ರ ಊದುಬತ್ತಿ ಬೂದಿ ಬಿದ್ದಿತ್ತು. ಇಷ್ಟೇ ಇಷ್ಟು ಅಲ್ವಾ ಅಂತ ಎಳೆದುಬಿಟ್ಟೆ. ನೀನು ಹೇಳಿದ್ದು ಆಮೇಲೆ ನೆನಪಾಯ್ತು."

"ಅಪ್ಪ, ಗೊತ್ತಿಲ್ಲದಿದ್ರೆ ಕೈ ಹಾಕೋಕೆ ಹೋಗ್ಬಾರ್ದು," ಎಂದ ತನ್ಮಯ್. "ಅವಳು ಇಡೀ ವರ್ಷ ಟ್ಯೂಷನ್ ಮಾಡಿ ತಗೊಂಡದ್ದು ಅದು."

"ಬಿಡಿ, ಪರವಾಗಿಲ್ಲ ಮಾವ," ಎಂದಳು ರಕ್ಷಾ. ಪರವಾಗಿಲ್ಲ ಎನ್ನುವ ಮುಖವಾಗಿರಲಿಲ್ಲ ಅದು. ಲೋಟ ತೆಗೆದುಕೊಂಡು ಒಳಗೆ ಹೋದಳು.

ಮಂಜಯ್ಯ ಕೆಂಚಯ್ಯನಿಗೆ ಫೋನು ಮಾಡಿದರು. "ಭಾನುವಾರ ಬರಬೇಡ ಮಾರಾಯ, ಹಳೇದು ಮನೆಗೇ ಬೇಕಾಗಿದೆ." ತಿಮ್ಮಮ್ಮ ಅಡುಗೆಮನೆಯಲ್ಲಿ ಅದನ್ನು ಕೇಳಿಸಿಕೊಂಡಳು. ಅವಳ ಮಿಷನ್ನು ಉಳಿಯಿತು. ಖುಷಿಯಾಗಬೇಕಿತ್ತು.

ಆ ಭಾನುವಾರ ಯುಗಾದಿಯ ಮುಂಚಿನ ದೊಡ್ಡ ಕ್ಲೀನಿಂಗು. ತಿಮ್ಮಮ್ಮ ಹಳೆಯದನ್ನು ಎತ್ತಿ ತಂದು ಪ್ಲಗ್ಗು ಹಾಕಿದಳು. ನಾಯಿ ತೋಟಕ್ಕೆ ಓಡಿತು. ರೂಮು ಮುಗಿಸಿ ಹಾಲಿಗೆ ಬಂದಳು. ರಕ್ಷಾ ಕಿಟಕಿ ಒರೆಸುತ್ತ ಒಂದರ ಮೇಲೊಂದು ಸೀನುತ್ತಿದ್ದಳು, ಕಣ್ಣು ಕೆಂಪಾಗಿತ್ತು. ತನ್ಮಯ್ ಏಣಿ ಹತ್ತಿ ಫ್ಯಾನಿನ ರೆಕ್ಕೆ ಒರೆಸುತ್ತಿದ್ದ. ಮಂಜಯ್ಯ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಪೇಪರು ತೊಡೆಯ ಮೇಲಿತ್ತು, ಓದುತ್ತಿರಲಿಲ್ಲ. ಎರಡು ದಿನದಿಂದ ಮನೆಯ ಯಾವ ವಸ್ತುವನ್ನೂ ಮುಟ್ಟಿರಲಿಲ್ಲ. ನೀರಿನ ಲೋಟವನ್ನೂ ಕೇಳಿ ತರಿಸಿಕೊಳ್ಳುತ್ತಿದ್ದರು.

ಪೈಪು ಹತ್ತಿರ ಬಂದಾಗ ಅವರು ತಲೆಯೆತ್ತದೆ ಎರಡೂ ಕಾಲನ್ನು ಮೇಲಕ್ಕೆತ್ತಿದರು.

ತಿಮ್ಮಮ್ಮ ಆ ಕಾಲುಗಳನ್ನು ನೋಡಿದಳು. ಎಲ್ಲವೂ ಮೊದಲಿನಂತೆಯೇ ಆಗಿತ್ತು. ಅವಳು ಬೇಡಿದ್ದೂ ಇದನ್ನೇ ತಾನೆ? ಅಳು ಒತ್ತರಿಸಿ ಬಂತು. ಬಗ್ಗಿ ಸ್ವಿಚ್ಚು ಆರಿಸಿದಳು.

"ಬೂದಿ ಎಳೆಸಿದ್ದು ನಾನು."

ಯಾರಿಗೂ ಅರ್ಥವಾಗಲಿಲ್ಲ. ಅವಳು ಮತ್ತೆ ಹೇಳಿದಳು: "ಊದುಬತ್ತಿದಲ್ಲ. ಬಚ್ಚಲೊಲೆದು. ಒಂದೂವರೆ ಡಬ್ಬಿ. ಗುರುವಾರ, ಯಾರೂ ಇಲ್ಲದಾಗ."

"ಅಮ್ಮ!" ಎಂದ ತನ್ಮಯ್, ಏಣಿಯ ಮೇಲಿನಿಂದಲೇ.

ರಕ್ಷಾ ಬಟ್ಟೆಯನ್ನು ಕಿಟಕಿಯ ಮೇಲಿಟ್ಟಳು. "ಎರಡು ದಿನದಿಂದ ನಾನು ಮಾವನ್ನ ಮನಸ್ಸಲ್ಲೇ ಬೈತಾ ಇದ್ದೆ ಅತ್ತೆ," ಎಂದಳು. ದನಿ ಏರಲಿಲ್ಲ. "ನಾನು ನಿಮಗೆ ಏನು ಮಾಡಿದ್ದೆ?"

"ನೀನು ಏನೂ ಮಾಡಿಲ್ಲ ಮಗ. ಅದರ ರಿಪೇರಿ ನಂದು, ಹೊಸದೇ ಬೇಕಾದ್ರೂ ನಂದೇ." ತಿಮ್ಮಮ್ಮ ಗಂಡನ ಕಡೆ ತಿರುಗಿದಳು. "ಅದನ್ನ ನೀವು ಟವೆಲಲ್ಲಿ ಒರೆಸ್ತಿದ್ರಿ. ಬ್ರಷ್ ಹುಡುಕಿ ಹಾಕ್ತಿದ್ರಿ. ನನ್ನದನ್ನ ಒಂದು ದಿನ, ಈ ರೂಮಿಂದ ಆ ರೂಮಿಗೆ, ಎತ್ತಿ ಇಟ್ಟಿದ್ದೀರಾ? ಅದನ್ನ ನೋಡೋಕಾಗಲಿಲ್ಲ ನಂಗೆ. ಅದಕ್ಕೇ ಮಾಡಿದೆ."

ಮಂಜಯ್ಯನವರ ಕಾಲು ಇನ್ನೂ ಮೇಲೆಯೇ ಇತ್ತು. ಅದು ಈಗ ಅವರಿಗೂ ಕಂಡಿತು. ನಿಧಾನವಾಗಿ ಇಳಿಸಿದರು. ಪೇಪರು ಮಡಚಿ ಬದಿಗಿಟ್ಟರು. ರಕ್ಷಾ ಸೀನುತ್ತ ಜಗಲಿಗೆ ಹೋದಳು. ಅವಳ ಹಿಂದೆ ತನ್ಮಯ್ ಹೋದ. ಹಾಲಿನಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು, ನಡುವೆ ಆ ಹಳೆಯ ಮಿಷನ್ನು.

ಮಂಜಯ್ಯ ಎದ್ದು ಪಂಚೆ ಎತ್ತಿ ಕಟ್ಟಿದರು. ಹೆಂಡತಿಯ ಕೈಯಿಂದ ಪೈಪು ತೆಗೆದುಕೊಂಡರು. ಇನ್ನೊಂದು ಕೈಯಿಂದ ಮಿಷನ್ನಿನ ಹಿಡಿ ಹಿಡಿದು ಎತ್ತಲು ಹೋದರು, ಅದು ಏಳಲಿಲ್ಲ. ಪೈಪನ್ನು ಕಂಕುಳಿಗೆ ಸಿಕ್ಕಿಸಿ ಎರಡೂ ಕೈ ಹಾಕಿ ಎತ್ತಿದರು. ಎರಡು ಹೆಜ್ಜೆ ನಡೆದು ಸೋಫಾದ ಹತ್ತಿರ ಇಳಿಸಿ, ಸೊಂಟ ಹಿಡಿದು ನಿಂತರು.

"ಇಷ್ಟು ಭಾರ ಇತ್ತಾ ಇದು?"

"ಇತ್ತು," ಎಂದಳು ತಿಮ್ಮಮ್ಮ. ಬೆತ್ತದ ಕುರ್ಚಿಯಲ್ಲಿ ಕೂತು, ಸೆರಗಿನಿಂದ ಕಣ್ಣೊರೆಸಿ, ಎರಡೂ ಕಾಲನ್ನು ಮೇಲಕ್ಕೆತ್ತಿದಳು.